ಅಟ್ಟದ ಕಾಯಿಯೂ ಕಾಣದ ಅಲೆಯೂ

ತೆಂಗಿನ ತೋಟಕ್ಕೆ ನೀರು ಹಾಯಿಸುವ ರೈತನಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ತೋಟದ ಕೊನೆಯ ಸಾಲಿಗೆ ನೀರು ತಲುಪದಿದ್ದರೆ ಅವನು ಕೂಡಲೆ ಹೊಸ ಪಂಪನ್ನು ಕೊಳ್ಳಲು ಹೊರಡುವುದಿಲ್ಲ. ಮೊದಲು ಕೊಳವೆಬಾವಿಯ ಬಾಯಿಯಲ್ಲಿ ನೀರು ಎಷ್ಟು ಬರುತ್ತಿದೆಯೆಂದು ನೋಡುತ್ತಾನೆ. ಅಲ್ಲಿ ಸರಿಯಾಗಿದ್ದರೆ ತೊಟ್ಟಿಯ ಬಳಿಗೆ ಹೋಗುತ್ತಾನೆ. ಅಲ್ಲಿಯೂ ಸರಿಯಾಗಿದ್ದರೆ ವಾಲ್ವಿನ ಬಳಿಗೆ, ಅಲ್ಲಿಂದ ಹನಿ ನೀರಾವರಿಯ ಪೈಪಿನ ಬಳಿಗೆ ಬರುತ್ತಾನೆ. ಎಲ್ಲಿಯವರೆಗೆ ನೀರು ಸರಿಯಾಗಿದೆ, ಎಲ್ಲಿಂದಾಚೆಗೆ ಕಡಿಮೆಯಾಗಿದೆ ಎಂಬುದು ಗೊತ್ತಾದೊಡನೆ ದೋಷವು ಆ ಎರಡು ಸ್ಥಳಗಳ ನಡುವೆಯೇ ಇರಬೇಕೆಂದು ನಿರ್ಣಯಿಸುತ್ತಾನೆ. ಈ ವಿಚಾರಣೆಗೆ ಅವನು ವಿಜ್ಞಾನವೆಂಬ ಹೆಸರನ್ನು ಕೊಡುವುದಿಲ್ಲ. ಆದರೆ ವಿಜ್ಞಾನದ ವಿಧಾನವೆಂದರೆ ಇದೇ.

ಲ್ಯಾಪ್‌ಟಾಪಿನ ಮುಂದೆ ಕುಳಿತಾಗ ಮಾತ್ರ ಈ ವಿವೇಕವು ನಮ್ಮಲ್ಲಿ ಬಹುಮಂದಿಯನ್ನು ಬಿಟ್ಟುಹೋಗುತ್ತದೆ. ಅಂತರಜಾಲವು ನಿಧಾನವಾಯಿತೆಂದರೆ ಒಬ್ಬರು ಯಂತ್ರವನ್ನು, ಮತ್ತೊಬ್ಬರು ಸೇವೆ ಒದಗಿಸುವವರನ್ನು, ಇನ್ನೊಬ್ಬರು ಮಳೆಯನ್ನು ದೂರುವರು. ಅಳತೆ ಮಾಡಿ ನೋಡುವವರು ವಿರಳ. ಕಳೆದ ವರ್ಷ ನಮ್ಮ ಅನುಭವಕ್ಕೆ ಬಂದ ಒಂದು ಪ್ರಸಂಗವನ್ನು ಆಧಾರವಾಗಿ ಇಟ್ಟುಕೊಂಡು, ಇಂತಹ ದೋಷವನ್ನು ಹುಡುಕುವ ಬಗೆಯನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ.

ಒಬ್ಬ ವಿದ್ಯಾರ್ಥಿಯ ಕಷ್ಟ

ನಮ್ಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನ ಮನೆಯು ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ತೆಂಗಿನ ತೋಟದ ನಡುವೆ ಇದೆ. ಅವನ ಬಳಿ ಇದ್ದುದು ಹಳೆಯದೊಂದು ಲ್ಯಾಪ್‌ಟಾಪ್. ಅದರಲ್ಲಿ ಲಿನಕ್ಸ್ ಎಂಬ ಕಾರ್ಯನಿರ್ವಹಣ ವ್ಯವಸ್ಥೆಯನ್ನು ಹಾಕಿದ್ದನು. ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸ್ ಎಂಬವರು ೧೯೯೧ರಲ್ಲಿ, ತಾವಿನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಇದನ್ನು ಬರೆಯಲು ತೊಡಗಿದರು. ಹಣ ಕೊಡದೆ ಪಡೆಯಬಹುದಾದುದರಿಂದಲೂ, ಹಳೆಯ ಯಂತ್ರದಲ್ಲಿಯೂ ಹಗುರವಾಗಿ ನಡೆಯುವಂತಹ ಅದರ ಬಗೆಗಳು ದೊರೆಯುವುದರಿಂದಲೂ ನಮ್ಮ ವಿದ್ಯಾರ್ಥಿಗಳು ಅನೇಕರು ಲಿನಕ್ಸನ್ನು ಆಶ್ರಯಿಸಿದ್ದಾರೆ.

ಹುಡುಗನು ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಬೇಕಾಗಿತ್ತು. ಅರ್ಜಿಯ ಅರ್ಧಕ್ಕೆ ಬಂದೊಡನೆ ಸಂಪರ್ಕ ಕಡಿದುಹೋಗುವುದು. ಮತ್ತೆ ಮೊದಲಿನಿಂದ ತುಂಬಬೇಕಾಗುವುದು. ಕೊನೆಯ ದಿನಕ್ಕೆ ಆರು ದಿನ ಉಳಿದಿತ್ತು. “ಸಾರ್, ಹದಿನೈದು ದಿನದಿಂದ ಹೀಗೇ ಆಗ್ತಿದೆ. ಲಿನಕ್ಸಿನ ಹೊಸ ಆವೃತ್ತಿ ಹಾಕಿದ ಮೇಲೇ ಶುರುವಾಯಿತು” ಎಂದನು. ಭಾನುವಾರ ನಾವು ಅವನ ಮನೆಗೆ ಹೋದಾಗ ತಂದೆಯ ಅಭಿಪ್ರಾಯ ಬೇರೆಯಾಗಿತ್ತು. “ಯಂತ್ರವೇ ಹಳೇದಾಯ್ತು ಅನ್ನೋದಾದ್ರೆ ಹೇಳಿಬಿಡಿ ಮೇಷ್ಟ್ರೇ, ಅಟ್ಟದ ಕಾಯಿ ಇಳಿಸಿ ಮಾರಿ ಹೊಸದು ಕೊಡಿಸ್ತೀನಿ” ಎಂದರು.

ಈ ಮಾತಿನ ಭಾರವು ನಮ್ಮ ಸೀಮೆಯವರಿಗೆ ಅರ್ಥವಾಗದೆ ಇರದು. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದಿರುವ ಉಂಡೆ ಕೊಬ್ಬರಿಯು ಒಂದೆರಡು ದಿನಗಳಲ್ಲಿ ಆಗುವ ವಸ್ತುವಲ್ಲ. ಬಲಿತ ಕಾಯಿಗಳನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಒಳಗಿನ ನೀರು ಮೆಲ್ಲಮೆಲ್ಲನೆ ಬತ್ತಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗಬೇಕು. ನಡುವೆಯೇ ಇಳಿಸಿ ಮಾರಿದರೆ ಅದು ಬರಿಯ ಕಾಯಿ. ಕೊಬ್ಬರಿಯ ಬೆಲೆ ಅದಕ್ಕಿಲ್ಲ. ಒಂದು ಸಂಸಾರದ ವರ್ಷದ ಲೆಕ್ಕವೇ ನಮ್ಮ ಉತ್ತರದ ಮೇಲೆ ನಿಂತಂತೆ ಆಯಿತು. ಊಹೆಯಿಂದ ಉತ್ತರ ಹೇಳುವ ಹಕ್ಕು ನಮಗೆ ಇರಲಿಲ್ಲ.

ದಾರಿಯ ಮೂರು ತುಂಡುಗಳು

ಮನೆಯ ಲ್ಯಾಪ್‌ಟಾಪಿಗೆ ಅಂತರಜಾಲವು ಬರುವ ದಾರಿಯನ್ನು ಮೂರು ತುಂಡುಗಳಾಗಿ ಭಾವಿಸಿಕೊಳ್ಳಬಹುದು. ಸೇವೆ ಒದಗಿಸುವವರ ಕೇಂದ್ರದಿಂದ ಫೈಬರ್ ಕೇಬಲಿನ ಮೂಲಕ ಮನೆಯ ರೌಟರ್ ಪೆಟ್ಟಿಗೆಯವರೆಗೆ ಮೊದಲನೆಯ ತುಂಡು. ರೌಟರಿನಿಂದ ಗಾಳಿಯಲ್ಲಿ ರೇಡಿಯೋ ಅಲೆಯಾಗಿ ಲ್ಯಾಪ್‌ಟಾಪಿನವರೆಗೆ ಎರಡನೆಯದು. ಲ್ಯಾಪ್‌ಟಾಪಿನೊಳಗಿರುವ ನಿಸ್ತಂತು ಕಾರ್ಡು, ಅದನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ, ಇವೆಲ್ಲ ಸೇರಿ ಮೂರನೆಯದು. ಕೊನೆಯಲ್ಲಿ ಕಾಣುವ ಫಲ ಒಂದೇ: ಪುಟವು ತೆರೆಯುವುದಿಲ್ಲ. ಆದರೆ ಕಾರಣವು ಮೂರರಲ್ಲಿ ಯಾವುದಾದರೂ ಆಗಿರಬಹುದು, ಅಥವಾ ಒಂದಕ್ಕಿಂತ ಹೆಚ್ಚಾಗಿಯೂ ಇರಬಹುದು.

ನಿಧಾನ ಎಂಬ ಮಾತಿಗೂ ಎರಡು ಅರ್ಥಗಳಿವೆ. ಪೈಪು ಸಣ್ಣದಾಗಿದ್ದರೆ ತೊಟ್ಟಿ ತುಂಬಲು ಬಹಳ ಹೊತ್ತು ಹಿಡಿಯುತ್ತದೆ. ಇದು ಪ್ರವಾಹದ ಪ್ರಮಾಣಕ್ಕೆ ಸಂಬಂಧಿಸಿದುದು. ಪೈಪು ದಪ್ಪವಾಗಿದ್ದರೂ ವಾಲ್ವು ತಿರುಗಿಸಿದ ಎಷ್ಟೋ ಹೊತ್ತಿನ ಮೇಲೆ ಮೊದಲ ಹನಿ ಬಂದರೆ, ಅದು ವಿಳಂಬಕ್ಕೆ ಸಂಬಂಧಿಸಿದುದು. ದೊಡ್ಡ ಚಲನಚಿತ್ರವನ್ನು ಇಳಿಸಿಕೊಳ್ಳುವಾಗ ಮೊದಲನೆಯದು ಮುಖ್ಯ. ಅರ್ಜಿ ತುಂಬುವಾಗ, ದೂರದ ಅಧ್ಯಾಪಕರೊಡನೆ ಮಾತನಾಡುವಾಗ ಎರಡನೆಯದು ಮುಖ್ಯ.

ವಿಳಂಬವನ್ನು ಅಳೆಯಲು ಲಿನಕ್ಸಿನಲ್ಲಿ ‘ಪಿಂಗ್’ ಎಂಬ ಸರಳವಾದ ಸಾಧನವಿದೆ. ಟರ್ಮಿನಲ್ ಎಂಬ ಕಿಟಕಿಯನ್ನು ತೆರೆದು ಈ ಆಜ್ಞೆಯನ್ನೂ ಒಂದು ವಿಳಾಸವನ್ನೂ ಬರೆದರೆ, ಸೆಕೆಂಡಿಗೊಂದರಂತೆ ಪುಟ್ಟ ಸಂದೇಶಗಳು ಆ ವಿಳಾಸಕ್ಕೆ ಹೋಗಿ ಮರಳುತ್ತವೆ. ಹೋಗಿ ಬರಲು ಹಿಡಿದ ಕಾಲವು ಮಿಲಿಸೆಕೆಂಡುಗಳಲ್ಲಿ ಕಾಣಿಸುತ್ತದೆ. ಬಾವಿಯೊಳಕ್ಕೆ ಕೂಗಿ ಪ್ರತಿಧ್ವನಿಗೆ ಕಿವಿಗೊಟ್ಟಂತೆಯೇ ಇದು. ರೌಟರಿನ ವಿಳಾಸವನ್ನು ‘ಐಪಿ ರೂಟ್’ ಎಂಬ ಆಜ್ಞೆಯು ‘ಡಿಫಾಲ್ಟ್ ವಯಾ’ ಎಂಬ ಮಾತುಗಳ ಮುಂದೆ ತೋರಿಸುತ್ತದೆ. (ಆಜ್ಞೆಗಳನ್ನು ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು, ಇಲ್ಲಿ ಉಚ್ಚಾರಣೆಯನ್ನು ಮಾತ್ರ ಕೊಟ್ಟಿದ್ದೇವೆ.)

ಮೊದಲನೆಯ ಪರೀಕ್ಷೆ: ತಂತಿಯಿಂದ

ಆ ಮನೆಯಲ್ಲಿ ರೌಟರನ್ನು ಅಟ್ಟದ ಒಂದು ತುದಿಯ ತೊಲೆಗೆ ತಗುಲಿಹಾಕಿದ್ದರು. ಫೈಬರ್ ಕೇಬಲು ಹೆಂಚಿನ ಸಂದಿಯಿಂದ ಅಲ್ಲಿಗೆ ಬಂದಿತ್ತು. ಹುಡುಗನು ಓದುವ ಕೋಣೆ ಮನೆಯ ಇನ್ನೊಂದು ತುದಿಯಲ್ಲಿತ್ತು. ನಾವು ಏಣಿ ಹತ್ತಿ, ಲ್ಯಾಪ್‌ಟಾಪಿನ ವೈ-ಫೈಯನ್ನು ಆರಿಸಿ, ಅದನ್ನು ಲ್ಯಾನ್ ಕೇಬಲಿನಿಂದ ನೇರವಾಗಿ ರೌಟರಿಗೆ ಜೋಡಿಸಿದೆವು. ಹೊರಗಿನ ವಿಳಾಸಕ್ಕೆ ನೂರು ಸಂದೇಶಗಳನ್ನು ಕಳುಹಿಸಿದಾಗ ನೂರೂ ಮರಳಿದವು. ಕಾಲದಲ್ಲಿ ಹೆಚ್ಚು ಏರುಪೇರಿರಲಿಲ್ಲ. ಪುಟಗಳು ತಡೆಯಿಲ್ಲದೆ ತೆರೆದವು.

ಈ ಒಂದು ಪರೀಕ್ಷೆಯಿಂದಲೇ ಮೊದಲನೆಯ ತುಂಡು ನಿರ್ದೋಷಿಯೆಂದು ತಿಳಿಯಿತು. ಅಷ್ಟೇ ಅಲ್ಲ, ಯಂತ್ರವು ಹಳೆಯದಾದುದರಿಂದ ನಿಧಾನವಾಗಿದೆ ಎಂಬ ತಂದೆಯ ಸಂದೇಹವೂ ಬಹುಮಟ್ಟಿಗೆ ಬಿದ್ದುಹೋಯಿತು. ಅದೇ ಹಳೆಯ ಯಂತ್ರ, ಅದೇ ಹಳೆಯ ಮಿದುಳು. ತಂತಿಯ ಮೂಲಕ ಚುರುಕಾಗಿಯೇ ನಡೆಯಿತಷ್ಟೆ.

ಓದುಗರ ಮನೆಯಲ್ಲಿ ಈ ಪರೀಕ್ಷೆಯ ಫಲ ವಿರುದ್ಧವಾಗಿ ಬಂದರೆ, ಎಂದರೆ ತಂತಿಯಿಂದಲೂ ಸಂದೇಶಗಳು ನಷ್ಟವಾದರೆ, ಲ್ಯಾಪ್‌ಟಾಪನ್ನು ಬಿಚ್ಚುವುದು ವ್ಯರ್ಥ. ದೋಷವು ಹೊರಗಿನ ದಾರಿಯಲ್ಲಿಯೋ ರೌಟರಿನಲ್ಲಿಯೋ ಇರುತ್ತದೆ. ಹಳ್ಳಿಗಳಲ್ಲಿ ಕರೆಂಟು ಕ್ಷಣಕಾಲ ಹೋಗಿ ಬಂದರೂ ರೌಟರ್ ಆರಿ ಮತ್ತೆ ಮೊದಲಿನಿಂದ ಎಚ್ಚರಗೊಳ್ಳಬೇಕಾಗುತ್ತದೆ. ಆ ಹೊತ್ತಿನಲ್ಲಿ ಸಂಪರ್ಕ ಸತ್ತಂತೆಯೇ ಸರಿ. ರೌಟರಿಗೆಂದೇ ದೊರೆಯುವ ಸಣ್ಣ ಬ್ಯಾಟರಿಯ ಪೆಟ್ಟಿಗೆಯೊಂದನ್ನು ಜೋಡಿಸಿದರೆ ಈ ತೊಂದರೆ ತಪ್ಪುತ್ತದೆ.

ಎರಡನೆಯ ಪರೀಕ್ಷೆ: ರೌಟರಿನ ಪಕ್ಕದಲ್ಲಿ

ಮುಂದೆ ತಂತಿಯನ್ನು ತೆಗೆದು, ವೈ-ಫೈಯನ್ನು ಹಚ್ಚಿ, ರೌಟರಿನಿಂದ ಎರಡು ಮೊಳ ದೂರದಲ್ಲಿಯೇ ಕುಳಿತು ರೌಟರಿನ ವಿಳಾಸಕ್ಕೇ ಪಿಂಗ್ ಮಾಡಿದೆವು. ಅಷ್ಟು ಹತ್ತಿರದಲ್ಲಿ ಅಲೆಯು ಪ್ರಬಲವಾಗಿರಲೇಬೇಕು. ಕಾಲವು ಎರಡು ಮೂರು ಮಿಲಿಸೆಕೆಂಡುಗಳನ್ನು ಮೀರಬೇಕಾದ ಕಾರಣವೇ ಇಲ್ಲ. ಆದರೆ ಒಮ್ಮೆ ೩, ಒಮ್ಮೆ ೯೦, ಮತ್ತೊಮ್ಮೆ ೧೪೦ ಎಂದು ಅಂಕೆಗಳು ಕುಣಿಯತೊಡಗಿದವು. ದೂರವೂ ಇಲ್ಲ, ಗೋಡೆಯೂ ಇಲ್ಲ. ಹೀಗಿರುವಲ್ಲಿ ಈ ಕುಣಿತಕ್ಕೆ ಕಾರಣವು ಲ್ಯಾಪ್‌ಟಾಪಿನೊಳಗೇ ಇರಬೇಕೆಂದು ಊಹಿಸಿದೆವು.

ಬ್ಯಾಟರಿಯ ಶಕ್ತಿಯನ್ನು ಉಳಿಸಲು ನಿಸ್ತಂತು ಕಾರ್ಡಿಗೆ ನಡುನಡುವೆ ನಿದ್ರೆ ಹೋಗುವ ಏರ್ಪಾಡು ಇದೆ. ಕಾರ್ಡು ಮಲಗಿರುವಾಗ ಅದಕ್ಕೆ ಬಂದ ಸಂದೇಶಗಳನ್ನು ರೌಟರು ತನ್ನಲ್ಲಿಯೇ ಇಟ್ಟುಕೊಂಡು, ‘ನಿನಗೆ ಟಪಾಲು ಬಂದಿದೆ’ ಎಂದು ಕಾಲಕಾಲಕ್ಕೆ ಸಾರುತ್ತದೆ. ಈ ಸಾರುವಿಕೆಯು ಸಾಮಾನ್ಯವಾಗಿ ಸುಮಾರು ೧೦೨ ಮಿಲಿಸೆಕೆಂಡುಗಳಿಗೊಮ್ಮೆ ನಡೆಯುತ್ತದೆ. ಕಾರ್ಡು ಎಚ್ಚತ್ತು ಕೇಳಿಸಿಕೊಂಡ ಮೇಲೆಯೇ ಟಪಾಲಿನ ಬಟವಾಡೆ. ಕೆಲವು ಕಾರ್ಡುಗಳೂ ಅವುಗಳ ಡ್ರೈವರುಗಳೂ ಈ ನಿದ್ರೆಯನ್ನು ಜಾಣತನದಿಂದ ನಡೆಸುತ್ತವೆ. ಕೆಲವು ಕುಂಭಕರ್ಣನ ವಂಶಕ್ಕೆ ಸೇರಿದವು.

ಐ ಮತ್ತು ಡಬ್ಲ್ಯೂ ಎಂಬ ಎರಡೇ ಅಕ್ಷರಗಳ ಒಂದು ಆಜ್ಞೆ ಲಿನಕ್ಸಿನಲ್ಲಿದೆ. ಅದರೊಡನೆ ‘ಡೆವ್’ ಎಂದು ಬರೆದರೆ ಕಾರ್ಡಿನ ಹೆಸರು ತಿಳಿಯುತ್ತದೆ. ಆ ಹೆಸರಿನ ಮುಂದೆ ‘ಗೆಟ್ ಪವರ್ ಸೇವ್’ ಎಂದು ಸೇರಿಸಿದರೆ (ಕೊನೆಯ ಎರಡು ಪದಗಳ ನಡುವೆ ಅಡಿಗೆರೆ ಇರಬೇಕು) ಉಳಿತಾಯದ ಏರ್ಪಾಡು ನಡೆಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಹುಡುಗನ ಯಂತ್ರದಲ್ಲಿ ಅದು ನಡೆಯುತ್ತಿತ್ತು. ಯಜಮಾನನ ಅಧಿಕಾರವನ್ನು ಕೊಡುವ ‘ಸುಡೋ’ ಎಂಬ ಪದವನ್ನು ಆಜ್ಞೆಯ ಮೊದಲಿಗೆ ಸೇರಿಸಿ, ‘ಗೆಟ್’ ಬದಲು ‘ಸೆಟ್’ ಎಂದೂ ಕೊನೆಗೆ ‘ಆಫ್’ ಎಂದೂ ಬರೆದು ಅದನ್ನು ನಿಲ್ಲಿಸಿದೆವು. ಬೇರೆ ಏನನ್ನೂ ಮುಟ್ಟಲಿಲ್ಲ. ಪಿಂಗಿನ ಅಂಕೆಗಳು ೨ರಿಂದ ೫ರೊಳಗೆ ಬಂದು ನಿಂತವು. ಮತ್ತೆ ಉಳಿತಾಯವನ್ನು ಹಚ್ಚಿದೆವು, ಕುಣಿತ ಮರಳಿತು. ಮತ್ತೆ ಆರಿಸಿದೆವು, ಕುಣಿತ ನಿಂತಿತು. ಹೀಗೆ ಎರಡು ಸಲ ಮಾಡಿದ್ದು ಆಟಕ್ಕಲ್ಲ. ಒಂದು ಸಲದ ಫಲವು ಆಕಸ್ಮಿಕವಾಗಿರಬಹುದು. ಕಾರಣವನ್ನು ತೆಗೆದಾಗ ಹೋಗಿ, ಇಟ್ಟಾಗ ಮರಳುವ ಫಲವನ್ನು ನಂಬಬಹುದು.

ಇಂತಹ ಆಜ್ಞೆಯ ಪರಿಣಾಮವು ಯಂತ್ರವನ್ನು ಆರಿಸಿ ಹಚ್ಚಿದರೆ ಅಳಿಸಿಹೋಗುತ್ತದೆ. ಶಾಶ್ವತವಾಗಿ ಬೇಕಾದಲ್ಲಿ, ಜಾಲಸಂಪರ್ಕವನ್ನು ನೋಡಿಕೊಳ್ಳುವ ‘ನೆಟ್‌ವರ್ಕ್ ಮ್ಯಾನೇಜರ್’ ತಂತ್ರಾಂಶದ ಕಡತದಲ್ಲಿ ‘ವೈಫೈ ಪವರ್‌ಸೇವ್’ ಎಂಬ ಸಾಲಿನ ಬೆಲೆಯನ್ನು ೩ರಿಂದ ೨ಕ್ಕೆ ಬದಲಿಸಬೇಕು. ಹುಡುಗನ ಸಂದೇಹದಲ್ಲಿ ಸತ್ಯಾಂಶವಿತ್ತೆಂಬುದನ್ನು ಇಲ್ಲಿ ಒಪ್ಪಬೇಕು. ಹಳೆಯ ಆವೃತ್ತಿಯಲ್ಲಿ ಗೆಳೆಯನೊಬ್ಬನು ಈ ಉಳಿತಾಯವನ್ನು ಆರಿಸಿಕೊಟ್ಟಿದ್ದನಂತೆ. ಹೊಸದನ್ನು ಹಾಕಿದಾಗ ಆ ಏರ್ಪಾಡು ಅಳಿಸಿಹೋಗಿತ್ತು.

ಮೂರನೆಯ ಪರೀಕ್ಷೆ: ಓದುವ ಕೋಣೆಯಲ್ಲಿ

ಇಷ್ಟಕ್ಕೆ ನಿಲ್ಲಿಸಿ ಮನೆಗೆ ಮರಳಿದ್ದರೆ ನಾವು ಅರ್ಧ ಕೆಲಸ ಮಾಡಿದವರಾಗುತ್ತಿದ್ದೆವು. ಅದೇ ಲ್ಯಾಪ್‌ಟಾಪನ್ನು ಓದುವ ಕೋಣೆಗೆ ಒಯ್ದು ಪಿಂಗ್ ಮಾಡಿದಾಗ, ನೂರು ಸಂದೇಶಗಳಲ್ಲಿ ಹದಿನೆಂಟು ಮರಳಲೇ ಇಲ್ಲ. ಮೇಲೆ ಹೇಳಿದ ಎರಡಕ್ಷರದ ಆಜ್ಞೆಗೆ ‘ಲಿಂಕ್’ ಎಂದು ಸೇರಿಸಿದರೆ ಅಲೆಯ ಬಲವು ಡಿಬಿಎಂ ಎಂಬ ಮಾನದಲ್ಲಿ ಕಾಣುತ್ತದೆ. ಅಲ್ಲಿ ಅದು ಋಣ ೮೨ ಆಗಿತ್ತು.

ಈ ಮಾನವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಒಂದು ಮಿಲಿವಾಟಿನ ಸಾಮರ್ಥ್ಯವನ್ನು ಸೊನ್ನೆಯೆಂದು ಇಟ್ಟುಕೊಂಡು, ಹತ್ತುಪಟ್ಟು ಕಡಿಮೆಯಾದಾಗಲೆಲ್ಲ ಹತ್ತನ್ನು ಕಳೆಯುತ್ತ ಹೋಗಬೇಕು. ಋಣ ೧೦ ಎಂದರೆ ಹತ್ತರಲ್ಲೊಂದು, ಋಣ ೨೦ ಎಂದರೆ ನೂರರಲ್ಲೊಂದು ಮಿಲಿವಾಟು. ಋಣ ೮೦ ಎಂದರೆ ಹತ್ತು ಕೋಟಿಯಲ್ಲೊಂದು ಭಾಗ! ಋಣ ೬೦ರ ಆಸುಪಾಸಿನಲ್ಲಿ ಕೆಲಸ ಸುಗಮ. ಋಣ ೭೦ ದಾಟಿದರೆ ವೇಗ ಕುಗ್ಗುತ್ತದೆ. ಋಣ ೮೦ರಲ್ಲಿ ಸಂಪರ್ಕವು ಉಸಿರು ಹಿಡಿದುಕೊಂಡಿರುತ್ತದೆ. ನಿಸ್ತಂತು ವ್ಯವಸ್ಥೆಯಲ್ಲಿ ಸಂದೇಶ ತಲುಪಿತೆಂಬ ಉತ್ತರ ಬಾರದಿದ್ದರೆ ಅದನ್ನೇ ಮತ್ತೆ ಮತ್ತೆ ಕಳುಹಿಸುತ್ತಾರೆ. ಕೇಳಿಸದವರೊಡನೆ ಬಿಡಿಬಿಡಿಯಾಗಿ ಮಾತನಾಡುವಂತೆ ವೇಗವನ್ನೂ ತಗ್ಗಿಸುತ್ತಾರೆ. ಆದುದರಿಂದ ಬಲಹೀನವಾದ ಅಲೆಯೆಂದರೆ ನಿಧಾನವಾದ ಜಾಲವೇ.

ಆದರೆ ಇಷ್ಟೊಂದು ಬಲ ಹೋದುದೆಲ್ಲಿ? ದೂರವೇ ಕಾರಣವಿರಬಹುದೆಂದು ಮೊದಲು ತೋರಿತು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಬಲವು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವುದು ಎಲ್ಲರೂ ಓದಿರುವ ವರ್ಗವಿಲೋಮ ನಿಯಮ. ಇದನ್ನು ಪರೀಕ್ಷಿಸಲು ರೌಟರಿನಿಂದ ಅಷ್ಟೇ ದೂರದಲ್ಲಿ, ಅಷ್ಟೇ ಗೋಡೆಗಳಾಚೆ ಇದ್ದ ದನದ ಕೊಟ್ಟಿಗೆಯಲ್ಲಿ ಅಳೆದೆವು. ಅಲ್ಲಿ ಋಣ ೬೩ ಇತ್ತು! ಎಂದಮೇಲೆ ದೂರವೂ ಗೋಡೆಯೂ ಮುಖ್ಯ ಕಾರಣಗಳಲ್ಲ. ಎರಡು ದಾರಿಗಳಿಗೂ ಇದ್ದ ವ್ಯತ್ಯಾಸವೇನೆಂದು ತಲೆಯೆತ್ತಿ ನೋಡಿದೆವು. ಕೋಣೆಯ ದಾರಿಯಲ್ಲಿ, ಅಟ್ಟದ ಉದ್ದಕ್ಕೂ, ಎದೆಯೆತ್ತರಕ್ಕೆ ತೆಂಗಿನಕಾಯಿ ರಾಶಿ ಬಿದ್ದಿತ್ತು. “ಇದನ್ನು ಯಾವಾಗ ಹಾಕಿದಿರಿ?” ಎಂದು ಕೇಳಿದಾಗ, “ಹದಿನೈದು ಇಪ್ಪತ್ತು ದಿನ ಆಯ್ತು ಮೇಷ್ಟ್ರೇ” ಎಂಬ ಉತ್ತರ ಬಂದಿತು.

ನೀರೂ ಅಲೆಯೂ

ರೇಡಿಯೋ ಅಲೆಗಳು ಗೋಡೆಯನ್ನು ಹಾಯ್ದು ಹೋಗಬಲ್ಲವೆಂಬುದನ್ನು ಜಗದೀಶ ಚಂದ್ರ ಬೋಸರು ೧೮೯೦ರ ದಶಕದ ನಡುವಿನಲ್ಲಿಯೇ ಕಲ್ಕತ್ತೆಯಲ್ಲಿ ದೂರದ ಗಂಟೆಯನ್ನು ಬಾರಿಸಿ ತೋರಿಸಿದ್ದರು. ೧೯೩೫ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದ ಕಾಲದಿಂದ ನಮ್ಮ ನಾಡಿಗೂ ಈ ಅಲೆಗಳು ಪರಿಚಿತವಾದವು. ಮಧ್ಯಮ ತರಂಗದ ರೇಡಿಯೋ ಅಲೆಯ ಉದ್ದವು ನೂರಾರು ಮೀಟರು. ಅದಕ್ಕೆ ತೆಂಗಿನಕಾಯಿ ಲೆಕ್ಕಕ್ಕಿಲ್ಲ. ೧೯೯೭ರಲ್ಲಿ ಮೊದಲ ಮಾನಕವನ್ನು ಪಡೆದ ವೈ-ಫೈಯು ಬಳಸುವುದು ೨.೪ ಗಿಗಾಹರ್ಟ್ಸಿನಂತಹ ಕಂಪನಾಂಕವನ್ನು. ಬೆಳಕಿನ ವೇಗವನ್ನು ಕಂಪನಾಂಕದಿಂದ ಭಾಗಿಸಿದರೆ ಅಲೆಯ ಉದ್ದವು ಹನ್ನೆರಡೂವರೆ ಸೆಂಟಿಮೀಟರು ಬರುತ್ತದೆ; ಹೆಚ್ಚು ಕಡಿಮೆ ಸುಲಿದ ಕಾಯಿಯೊಂದರ ಗಾತ್ರ.

ನೀರಿನ ಅಣುವಿನ ಒಂದು ತುದಿ ಧನ, ಇನ್ನೊಂದು ತುದಿ ಋಣ. ಅಲೆಯ ವಿದ್ಯುತ್ ಕ್ಷೇತ್ರವು ಸೆಕೆಂಡಿಗೆ ಕೋಟಿಗಟ್ಟಲೆ ಸಲ ದಿಕ್ಕು ಬದಲಿಸುವಾಗ ಅಣುಗಳು ಅದರೊಡನೆ ತಿರುಗಲು ಹೆಣಗುತ್ತವೆ. ಪಕ್ಕದ ಅಣುಗಳೊಡನೆ ತಿಕ್ಕಾಡಿ ಅಲೆಯ ಶಕ್ತಿಯನ್ನು ಉಷ್ಣವಾಗಿ ಬದಲಿಸುತ್ತವೆ. ಮೈಕ್ರೊವೇವ್ ಒಲೆಯು ಅಡಿಗೆಯನ್ನು ಬಿಸಿಮಾಡುವುದೂ ಇದೇ ತತ್ತ್ವದಿಂದ. ೨.೪ ಗಿಗಾಹರ್ಟ್ಸ್ ಎಂಬುದು ನೀರಿನ ‘ಸ್ವಂತ’ ಕಂಪನಾಂಕವೆಂದು ಕೆಲವರು ಹೇಳುವುದುಂಟು, ಅದು ತಪ್ಪು. ನೀರಿನ ಹೀರಿಕೆಯು ಇನ್ನೂ ಹೆಚ್ಚಿನ ಕಂಪನಾಂಕಗಳಲ್ಲಿ ಇನ್ನೂ ಪ್ರಬಲ. ಹಾಗಿದ್ದರೂ ಈ ಅಲೆಯು ಎರಡು ಸೆಂಟಿಮೀಟರು ನೀರನ್ನು ಹಾಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಎಳನೀರಿನಂತೆಯೇ ಕಾಯಿನೀರಿನಲ್ಲಿಯೂ ಪೊಟ್ಯಾಸಿಯಮ್ ಮೊದಲಾದ ಲವಣಗಳಿರುವುದರಿಂದ ನಷ್ಟವು ಮತ್ತಷ್ಟು. ಹೊಸದಾಗಿ ಅಟ್ಟಕ್ಕೆ ಹಾಕಿದ ಕಾಯಿರಾಶಿಯೆಂದರೆ ಅಲೆಯ ಪಾಲಿಗೆ ಮನೆಯ ನಡುವೆ ಅಡ್ಡಲಾಗಿ ಕಟ್ಟಿದ ನೀರಿನ ಗೋಡೆ.

ಕಾಯಿಗಳನ್ನು ಇಳಿಸಬೇಕಾಗಲಿಲ್ಲ, ರೌಟರನ್ನೇ ಇಳಿಸಿದೆವು. ಅಟ್ಟದ ಕೆಳಗೆ, ನಡುಮನೆಯ ಬಾಗಿಲ ಪಕ್ಕದ ಗೋಡೆಗೆ, ಆಳೆತ್ತರದಲ್ಲಿ ತಗುಲಿಹಾಕಿದೆವು. ಓದುವ ಕೋಣೆಯಲ್ಲಿ ಬಲವು ಋಣ ೫೮ಕ್ಕೆ ಏರಿತು. ೨೪ ಡೆಸಿಬೆಲ್ ಏರಿಕೆಯೆಂದರೆ ಸುಮಾರು ೨೫೦ ಪಟ್ಟು! ನೂರು ಸಂದೇಶಗಳೂ ಮರಳಿದವು. ಅದೇ ಸಂಜೆ ಹುಡುಗನು ಅರ್ಜಿಯನ್ನು ಒಂದೇ ಸಲಕ್ಕೆ ಪೂರೈಸಿದನು.

ಹೊಸ ಯಂತ್ರ ಕೊಂಡಿದ್ದರೆ?

ಈಗ ಓದುಗರು ಒಂದು ವಿಷಯವನ್ನು ಯೋಚಿಸಿ ನೋಡಬೇಕು. ತಂದೆಯು ಮೊದಲು ಹೇಳಿದಂತೆಯೇ ಮಾಡಿದ್ದರೆ ಏನಾಗುತ್ತಿತ್ತು? ಕಾಯಿಗಳನ್ನು ಇಳಿಸಿ ಮಾರುತ್ತಿದ್ದರು. ನೀರಿನ ಗೋಡೆ ಮಾಯವಾಗುತ್ತಿತ್ತು. ಆ ಹಣದಿಂದ ತಂದ ಹೊಸ ಲ್ಯಾಪ್‌ಟಾಪು ಓದುವ ಕೋಣೆಯಲ್ಲಿ ಚೆನ್ನಾಗಿ ನಡೆಯುತ್ತಿತ್ತು. ‘ನೋಡಿ, ದೋಷ ಹಳೆಯ ಯಂತ್ರದ್ದೇ’ ಎಂದು ಇಡೀ ಊರು ಒಪ್ಪುತ್ತಿತ್ತು! ತಪ್ಪಾದ ಕಾರಣಕ್ಕೆ ಸರಿಯಾದ ಫಲವು ಸಾಕ್ಷಿ ಹೇಳುತ್ತಿತ್ತು. ಮುಂದಿನ ವರ್ಷ ಹೊಸ ಕಾಯಿ ಅಟ್ಟವನ್ನೇರಿದಾಗ ಹೊಸ ಯಂತ್ರಕ್ಕೂ ಅದೇ ರೋಗ ಬರುತ್ತಿತ್ತು.

ಒಂದೇ ಸಲಕ್ಕೆ ಎರಡು ಬದಲಾವಣೆಗಳನ್ನು ಮಾಡಿದವನು, ಗುಣವಾದರೂ ಏನನ್ನೂ ಕಲಿಯಲಾರನು. ಹಾಗೆಯೇ, ಒಂದರ ನಂತರ ಮತ್ತೊಂದು ಸಂಭವಿಸಿತೆಂಬ ಮಾತ್ರಕ್ಕೆ ಮೊದಲನೆಯದೇ ಕಾರಣವೆಂದು ಹೇಳಲೂ ಬಾರದು. ಇಲ್ಲಿ ಲಿನಕ್ಸಿನ ಹೊಸ ಆವೃತ್ತಿಯೂ ಅಟ್ಟದ ಕಾಯಿಯೂ ಒಂದೇ ಸಮಯದಲ್ಲಿ ಬಂದವು; ಎರಡಕ್ಕೂ ದೋಷದಲ್ಲಿ ಪಾಲಿತ್ತು. ಯಾವುದರ ಪಾಲು ಎಷ್ಟೆಂಬುದನ್ನು ಬೇರ್ಪಡಿಸಿದುದು ಅಳತೆಯೇ ಹೊರತು ವಾದವಲ್ಲ.

ಬೇರೆ ಮನೆಗಳಲ್ಲಿ

ತಿಪಟೂರಿನಂತಹ ಪಟ್ಟಣದ ವಿದ್ಯಾರ್ಥಿನಿಲಯದಲ್ಲಿ ತೊಂದರೆಯ ಸ್ವರೂಪವೇ ಬೇರೆ. ಅಲ್ಲಿ ಅಲೆಯ ಬಲ ಸಾಕಷ್ಟಿದ್ದರೂ ಜಾಲ ನಿಧಾನವಾಗುವುದುಂಟು. ಪಂಚಾಯಿತಿ ಕಟ್ಟೆಯಲ್ಲಿ ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನಿರಬೇಕಾದಂತೆ, ಒಂದೇ ವಾಹಿನಿಯಲ್ಲಿರುವ ರೌಟರುಗಳೂ ಸರದಿಗಾಗಿ ಕಾಯಬೇಕು. ೨.೪ ಗಿಗಾಹರ್ಟ್ಸಿನ ಪಟ್ಟಿಯಲ್ಲಿ ಹದಿಮೂರು ವಾಹಿನಿಗಳಿದ್ದರೂ ಅವು ಒಂದರ ಮೇಲೊಂದು ಹೊದ್ದುಕೊಂಡಿವೆ. ೧, ೬ ಮತ್ತು ೧೧ ಒಂದನ್ನೊಂದು ಮುಟ್ಟದಂತೆ ಇರಬಲ್ಲವು. ‘ಎನ್‌ಎಂಸಿಎಲ್‌ಐ ಡೆವ್ ವೈಫೈ ಲಿಸ್ಟ್’ ಎಂಬ ಆಜ್ಞೆಯು ಸುತ್ತಲಿನ ರೌಟರುಗಳು ಯಾವ ವಾಹಿನಿಯಲ್ಲಿವೆಯೆಂದು ತೋರಿಸುತ್ತದೆ. ಬಿಡುವಾಗಿರುವುದನ್ನು ಆರಿಸಿಕೊಳ್ಳಬೇಕು, ಇಲ್ಲವೆ ಒಂದೇ ಕೋಣೆಯಲ್ಲಿದ್ದರೆ ೫ ಗಿಗಾಹರ್ಟ್ಸಿಗೆ ಹೋಗಬೇಕು. ಆದರೆ ಈ ಎರಡನೆಯ ಅಲೆಯು ಗೋಡೆ ಎಲೆಗಳಿಗೆ ಬೇಗ ಸೋಲುತ್ತದೆ. ತೋಟದಾಚೆಯ ಪಂಪ್‌ಮನೆಯಲ್ಲಿ ಓದುವವರಿಗೆ ೨.೪ ಮೇಲು. ಮಳೆಯಲ್ಲಿ ನೆನೆದ ಗರಿಗಳು ಅದನ್ನೂ ಕುಗ್ಗಿಸುತ್ತವೆ. ಗಾಳಿಗೆ ಗರಿಗಳು ತೂಗಾಡಿದಂತೆ ಬಲವೂ ತೂಗಾಡುತ್ತದೆ.

ರೌಟರಿನ ಪಕ್ಕದಲ್ಲಿಯೂ ಸಂಪರ್ಕ ಕಡಿಯುತ್ತಿದ್ದು, ನಿದ್ರೆಯನ್ನು ಆರಿಸಿದರೂ ಸರಿಹೋಗದಿದ್ದರೆ, ‘ಜರ್ನಲ್ ಸಿಟಿಎಲ್’ ಎಂಬ ದಿನಚರಿಯಲ್ಲಿ ಕಾರ್ಡಿನ ಫರ್ಮ್‌ವೇರ್ ದೊರೆಯಲಿಲ್ಲವೆಂಬ ದೂರು ಇದೆಯೇ ಎಂದು ನೋಡಬೇಕು. ಇದ್ದರೆ ಅದನ್ನು ತಂದು ಹಾಕಿದರೆ ಸಾಕು. ಯುಎಸ್‌ಬಿ ೩ರ ಹಾರ್ಡ್ ಡಿಸ್ಕನ್ನು ಚುಚ್ಚಿದಾಗ ಮಾತ್ರ ಜಾಲ ಕುಂಟುತ್ತಿದ್ದರೆ ಅದನ್ನು ದೂರವಿಡಬೇಕು. ಆ ಕೇಬಲಿನಿಂದ ಹೊಮ್ಮುವ ಗದ್ದಲವು ೨.೪ ಗಿಗಾಹರ್ಟ್ಸಿನ ಪಟ್ಟಿಗೇ ಬೀಳುತ್ತದೆ.

ಓದುಗರಲ್ಲಿ ನಮ್ಮ ಸೂಚನೆಯಿಷ್ಟೆ. ಒಂದು ನೋಟುಪುಸ್ತಕದಲ್ಲಿ ನಿಮ್ಮ ಮನೆಯ ನಕ್ಷೆಯನ್ನು ಬರೆದು, ಪ್ರತಿ ಕೋಣೆಯ ಅಲೆಯ ಬಲವನ್ನೂ ವಿಳಂಬವನ್ನೂ ದಿನಾಂಕದೊಡನೆ ಗುರುತಿಸಿರಿ. ಜಾಲವು ಚೆನ್ನ ಇರುವಾಗಲೇ ಈ ಕೆಲಸ ಮಾಡಿರಿ. ಆರೋಗ್ಯದ ನಾಡಿಯನ್ನು ಅರಿಯದ ವೈದ್ಯನು ರೋಗದ ನಾಡಿಯನ್ನು ಹೇಗೆ ತಾನೆ ಗುರುತಿಸಿಯಾನು? ನಮ್ಮ ವಿದ್ಯಾರ್ಥಿಯು ಈಗ ತಿಂಗಳಿಗೊಮ್ಮೆ ರೌಟರನ್ನು ಸ್ವಲ್ಪ ಹೊತ್ತು ಅಟ್ಟದ ಹಳೆಯ ತೊಲೆಗೆ ತಗುಲಿಸಿ, ಓದುವ ಕೋಣೆಯಲ್ಲಿ ಬಲವನ್ನು ಅಳೆದು ಬರೆದಿಡುತ್ತಿದ್ದಾನೆ. ಕಾಯಿನೀರು ಬತ್ತಿದಂತೆ ಅಂಕೆಯು ಏರಬೇಕೆಂಬುದು ಅವನ ನಿರೀಕ್ಷೆ. ಕೊಬ್ಬರಿ ಇಳಿಸುವ ಹೊತ್ತಿಗೆ ಅವನ ಬಳಿ ಒಂದು ಒಳ್ಳೆಯ ನಕ್ಷಾರೇಖೆ ಇರುತ್ತದೆ. ತಂದೆಯ ಬಳಿ ಕೊಬ್ಬರಿಯೂ ಇರುತ್ತದೆ.